ಕೈ. ಪಂಜೆ ಮಂಗೇಶರಾಯರು

ಬಂದರಿನ ಮಕ್ಕಳಲ್ಲಿ ಬಹುಮಂದಿ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ನುಡಿಗಳನ್ನಾಡಿ ಕನ್ನಡವನ್ನು ಶಾಲೆಯಲ್ಲಿಯೇ ಕಲಿಯತಕ್ಕವರು. ಅವರ ಕಷ್ಟವನ್ನು ಪಂಜೆ ಮಂಗೇಶರಾಯರಂತೆ ಅರಿತ ವಿದ್ಯಾಧಿಕಾರಿಗಳು ವಿರಳವೆಂದೇ ನಾವು ಎಣಿಸುತ್ತೇವೆ; ರಾಯರ ಮನೆಮಾತೂ ಕೊಂಕಣಿಯೇ. 1874ರಲ್ಲಿ ಬಂಟವಾಳದಲ್ಲಿ ಜನಿಸಿದ ಇವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದು, ತರುವಾಯ ಶಾಲಾ ಇನ್‌ಸ್ಪೆಕ್ಟರರಾದರು. ಆ ಕಾಲದಲ್ಲಿ ಇನ್‌ಸ್ಪೆಕ್ಟರರ ವರದಿಯೆಂದರೆ ಬಡ ಉಪಾಧ್ಯಾಯನಿಗೆ ಅನ್ನದ ಪ್ರಶ್ನೆ. ಅವರ ಆಗಮನವೇ ಶಾಲೆಗೆ ಸಿಡಿಲು. ರಾಯರಾದರೋ ತಾವೇ ಮಕ್ಕಳೆದುರು ನಿಂತು, ಕತೆ ಹೇಳಿ, ಹಾಡಿ, ಪಾಠ ಹೇಳುವ ಬಗೆಯನ್ನು ಉಪಾಧ್ಯಾಯರಿಗೆ ತೋರಿಸಿಕೊಟ್ಟರು. ಪಠ್ಯಪುಸ್ತಕಗಳನ್ನು ಬರೆದರು, ತರಬೇತಿ ಶಾಲೆಯಲ್ಲಿ ಬೋಧಿಸಿದರು, ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಶಿಶುಗಳಿಗಾಗಿ ಬರೆದ ಈ ಮೇಷ್ಟರನ್ನು ವಿದ್ವಾಂಸರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿದರು. 1937ರಲ್ಲಿ ಅವರು ಕೈಲಾಸವಾಸಿಗಳಾದರು.