ವಿಮಾನ ತಯಾರಕ ಎರ್ನ್ಸ್ಟ್ ಹೈಂಕೆಲ್

ಮಕ್ಕಳೇ, ನಿಮ್ಮ ಶಾಲೆಯ ಎಲ್ಲರಿಗೂ ಸಮವಸ್ತ್ರ ಹೊಲಿಯುವ ದರ್ಜಿ ಮೊದಲು ಏನು ಮಾಡುತ್ತಾರೆ? ಒಂದು ಅಂಗಿ ಹೊಲಿದು ತೊಡಿಸಿ ನೋಡುತ್ತಾರೆ. ಅದು ಸರಿಯಾಗಿದ್ದರೆ ಮಾತ್ರ ಉಳಿದವನ್ನು ಹೊಲಿಯುತ್ತಾರೆ. ವಿಮಾನ ತಯಾರಿಕೆಗೂ ಇದೇ ನಿಯಮ. ಇದನ್ನು ಮೀರಿದರೆ ಏನಾಗುತ್ತದೆ? ಜರ್ಮನಿಯ ಎರ್ನ್ಸ್ಟ್ ಹೈಂಕೆಲ್ ಅವರ ಬದುಕಿನಿಂದ ತಿಳಿಯೋಣ ಬನ್ನಿ.

ಹೈಂಕೆಲ್ 1888ರ ಜನವರಿ 24ರಂದು ಜರ್ಮನಿಯ ಗ್ರುನ್‌ಬಾಖ್ ಎಂಬ ಊರಿನಲ್ಲಿ ಜನಿಸಿದರು. 1908ರಲ್ಲಿ ಜೆಪ್ಪೆಲಿನ್ ಎಂಬ ದೊಡ್ಡ ವಾಯುನೌಕೆಯೊಂದು ಸುಟ್ಟು ಬೂದಿಯಾಯಿತು. ಅನಿಲ ತುಂಬಿದ ವಾಯುನೌಕೆಗಿಂತ ರೆಕ್ಕೆಯುಳ್ಳ ವಿಮಾನವೇ ಮೇಲು ಎಂದು ಅವರಿಗೆ ಆಗ ಮನವರಿಕೆಯಾಯಿತು. 1911ರಲ್ಲಿ ತಾವೇ ಒಂದು ವಿಮಾನ ಕಟ್ಟಿ ಹಾರಿಸಿದರು. ಅದು ಬಿದ್ದು ತೀವ್ರವಾಗಿ ಗಾಯಗೊಂಡರೂ ಛಲ ಬಿಡಲಿಲ್ಲ. 1922ರಲ್ಲಿ ಸ್ವಂತ ಕಂಪನಿ ಆರಂಭಿಸಿದರು. 1939ರ ಆಗಸ್ಟ್ 27ರಂದು ಅವರ ಕಂಪನಿಯ ಹೆಚ್‌ಇ 178 ಆಕಾಶಕ್ಕೇರಿತು. ಜೆಟ್ ಎಂಜಿನ್ನಿನ ಬಲದಿಂದ ಹಾರಿದ ಜಗತ್ತಿನ ಮೊದಲ ವಿಮಾನ ಅದು!

ಬೆಂಕಿ ಹಿಡಿದ ಎಂಜಿನ್

ಆ ವರ್ಷವೇ ಎರಡನೇ ಮಹಾಯುದ್ಧ ಆರಂಭವಾಯಿತು. ಹೈಂಕೆಲ್ ಕಂಪನಿಯ ಹೆಚ್‌ಇ 177 ಭಾರಿ ಗಾತ್ರದ ಬಾಂಬರ್. ಅದು ಕೆಳಮುಖವಾಗಿ ಧುಮುಕಿ ಬಾಂಬ್ ಹಾಕಬೇಕೆಂದು ಅಧಿಕಾರಿಗಳು ಬಯಸಿದರು. ಗಾಳಿಯ ತಡೆ ಕಡಿಮೆಯಾಗಲೆಂದು ಎರಡೆರಡು ಎಂಜಿನ್‌ಗಳನ್ನು ಜೋಡಿಸಿ ಒಂದೇ ಪ್ರೊಪೆಲ್ಲರ್ ತಿರುಗಿಸುವಂತೆ ಮಾಡಲಾಯಿತು. ಇಕ್ಕಟ್ಟಾದ ಜಾಗದಲ್ಲಿ ಎಂಜಿನ್ ವಿಪರೀತ ಕಾಯುತ್ತಿತ್ತು. ಸೋರಿದ ಎಣ್ಣೆ ಕಾದ ಕೊಳವೆಗೆ ತಗುಲಿ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಈ ದೋಷ ನೀಗುವ ಮೊದಲೇ ಕಾರ್ಖಾನೆಗಳಲ್ಲಿ ತಯಾರಿಕೆ ಶುರುವಾಯಿತು! ಒಟ್ಟು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಎಷ್ಟೋ ಸೈನಿಕರು ಶತ್ರುವಿನಿಂದಲ್ಲ, ತಮ್ಮ ವಿಮಾನದ ಬೆಂಕಿಯಿಂದಲೇ ಸತ್ತರು.

ಕೈಕೊಟ್ಟ ಅಂಟು

1944ರಲ್ಲಿ ಜರ್ಮನಿ ಸೋಲುತ್ತಿತ್ತು. ಅಗ್ಗದ ಜೆಟ್ ವಿಮಾನ ಬೇಕೆಂದು ಸರ್ಕಾರ ಅವಸರಪಡಿಸಿತು. ಹೆಚ್‌ಇ 162 ಒಮ್ಮೆಯೂ ಹಾರುವ ಮೊದಲೇ ತಿಂಗಳಿಗೆ 1000 ವಿಮಾನ ತಯಾರಿಸುವ ಯೋಜನೆ ಸಿದ್ಧವಾಗಿತ್ತು. ಗ್ಲೈಡರ್ ಹಾರಿಸಲಷ್ಟೇ ಕಲಿತ ಹುಡುಗರನ್ನು ಅದರಲ್ಲಿ ಕೂರಿಸುವ ಆಲೋಚನೆಯೂ ಇತ್ತು.

ಅದರ ರೆಕ್ಕೆ ಮರದ್ದು. ಒಳ್ಳೆಯ ಅಂಟು ತಯಾರಿಸುತ್ತಿದ್ದ ಕಾರ್ಖಾನೆ ಬಾಂಬ್ ದಾಳಿಯಲ್ಲಿ ನಾಶವಾಗಿತ್ತು. ಬದಲಿಗೆ ಬಳಸಿದ ಅಂಟಿನಲ್ಲಿದ್ದ ಆಮ್ಲ ಮರವನ್ನೇ ತಿನ್ನುತ್ತಿತ್ತು. ಡಿಸೆಂಬರ್ 6ರ ಮೊದಲ ಹಾರಾಟದಲ್ಲಿ ಚಕ್ರದ ಮುಚ್ಚಳವೊಂದು ಕಿತ್ತುಬಂತು. ಅದು ಎಚ್ಚರಿಕೆಯ ಗಂಟೆ. ಆದರೆ ನಾಲ್ಕೇ ದಿನಗಳಲ್ಲಿ, ಅಧಿಕಾರಿಗಳ ಎದುರು, ವಿಮಾನ ಮತ್ತೆ ಹಾರಿತು. ಬಲರೆಕ್ಕೆಯ ಭಾಗ ಕಳಚಿತು. ಪೈಲಟ್ ಸತ್ತುಹೋದರು. ಆಗಲೂ ತಯಾರಿಕೆ ನಿಲ್ಲಲಿಲ್ಲ! ಮುಂದೆ ಅಪಘಾತಗಳಲ್ಲಿ ಇನ್ನೂ ಹಲವು ಪೈಲಟ್‌ಗಳು ಜೀವ ಕಳೆದುಕೊಂಡರು.

ಹೈಂಕೆಲ್ ಕಾರ್ಖಾನೆಗಳಲ್ಲಿ ಸೆರೆಶಿಬಿರದ ಕೈದಿಗಳನ್ನು ಬಲವಂತವಾಗಿ ದುಡಿಸಿಕೊಳ್ಳಲಾಗಿತ್ತು ಎಂಬುದನ್ನೂ ನಾವು ಮರೆಯಬಾರದು. ಹೈಂಕೆಲ್ 1958ರ ಜನವರಿ 30ರಂದು ನಿಧನರಾದರು.

ಪರೀಕ್ಷೆ ಏಕೆ ಬೇಕು?

ಪರೀಕ್ಷೆಯಲ್ಲಿ ಕಂಡ ತಪ್ಪನ್ನು ಒಂದು ವಿಮಾನದಲ್ಲಿ ತಿದ್ದಿದರೆ ಸಾಕು. ಅವಸರದಲ್ಲಿ ನೂರು ವಿಮಾನ ಮಾಡಿದರೆ ಅದೇ ತಪ್ಪು ನೂರರಲ್ಲೂ ಇರುತ್ತದೆ. ಆಗ ಎಲ್ಲವನ್ನೂ ಬಿಚ್ಚಿ ಸರಿಪಡಿಸಬೇಕು. ಅಷ್ಟರಲ್ಲಿ ಹೋದ ಜೀವ ಮರಳಿ ಬರುವುದಿಲ್ಲ.

ಮಾಡಿ ನೋಡಿ: ಎರಡು ಜೊತೆ ಐಸ್‌ಕ್ರೀಂ ಕಡ್ಡಿಗಳನ್ನು ಗೋಂದಿನಿಂದ ಅಂಟಿಸಿ. ಒಂದನ್ನು ಐದು ನಿಮಿಷಕ್ಕೆ, ಇನ್ನೊಂದನ್ನು ಒಂದು ದಿನ ಒಣಗಿಸಿದ ಮೇಲೆ ಎಳೆಯಿರಿ. ಯಾವುದು ಬೇಗ ಬಿಟ್ಟುಬಂತು? ಕಾರಣವನ್ನು ಗೆಳೆಯರೊಂದಿಗೆ ಚರ್ಚಿಸಿ.