ಮೀನಿನ ಹೊಟ್ಟೆ ನೋಡಿ ನದಿ ಓದಿದ ಹೋರಾ

ನದಿ ಅಂದ್ರೆ ಎಂಜಿನಿಯರಿಂಗ್ ಓದೋ ನಮಗೆ ಮೊದಲು ನೆನಪಾಗೋದು ಕ್ಯೂಸೆಕ್, ಟಿಎಂಸಿ. ಘಟಪ್ರಭೆಗೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಕಟ್ಟಿದ ಡ್ಯಾಂ 51 ಟಿಎಂಸಿಯದು ಅಂತ ಥಟ್ಟನೆ ಹೇಳ್ತೀವಿ. ಆದರೆ ಆ ನದಿಯಲ್ಲಿ ಎಷ್ಟು ಬಗೆಯ ಜೀವ ಇದೆ ಅನ್ನೋದನ್ನ ಹೇಗೆ ಅಳೆಯೋದು? ಈ ಪ್ರಶ್ನೆಗೆ ದಾರಿ ತೋರಿಸಿದವರಲ್ಲಿ ಒಬ್ಬರು ಡಾ. ಸುಂದರ್ ಲಾಲ್ ಹೋರಾ.

ಹೋರಾ ಹುಟ್ಟಿದ್ದು 1896ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿದ ಹಫೀಜಾಬಾದ್‌ನಲ್ಲಿ. ಓದಿದ್ದು ಲಾಹೋರ್‌ನಲ್ಲಿ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕ ನೆಲ್ಸನ್ ಆನಂಡೇಲ್ ಈ ಹುಡುಗನನ್ನ ಗುರುತಿಸಿದರು. 1919ರಲ್ಲಿ ಹೋರಾ ಕಲ್ಕತ್ತೆಗೆ ಬಂದು ಆ ಸಂಸ್ಥೆ ಸೇರಿದರು. ಮುಂದೆ ಮಣಿಪುರದ ಮೀನುಗಳ ಬಗ್ಗೆ ಬರೆದರು, ಖಾಸಿ ಬೆಟ್ಟದ ರಭಸದ ಹಳ್ಳಗಳಿಗೆ ಇಳಿದರು.

ಅಲ್ಲಿ ಅವರನ್ನ ಹಿಡಿದು ನಿಲ್ಲಿಸಿದ್ದು ಮೀನಿನ ಹೊಟ್ಟೆ! ಹರಿಯೋ ನೀರಲ್ಲಿ ಬಂಡೆಗೆ ಅಂಟಿಕೊಂಡು ಬದುಕೋ ಮೀನುಗಳ ಹೊಟ್ಟೆ ಚಪ್ಪಟೆ. ಕೆಲವಕ್ಕೆ ತುಟಿಯ ಕೆಳಗೆ ಬಟ್ಟಲಿನಂಥ ಹೀರುಬಿಲ್ಲೆ, ಕೆಲವಕ್ಕೆ ಎದೆಯ ಮೇಲೆ ಮಡಿಕೆ ಮಡಿಕೆಯಾದ ಚರ್ಮ. ನೀರಿನ ರಭಸ, ಕಲ್ಲಿನ ಸ್ವರೂಪ ಬದಲಾದಂತೆ ದೇಹವೂ ಬದಲು. 1930ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಅವರ ದೊಡ್ಡ ಪ್ರಬಂಧದ ವಿಷಯವೇ ಇದು.

ಇದರಿಂದ ನಮಗೆ ಸಿಗೋ ಪಾಠ ಸರಳ. ನದಿಯಲ್ಲಿ ಎಷ್ಟು ಬಗೆಯ ಜಾಗ ಇದೆಯೋ, ಅಷ್ಟು ಬಗೆಯ ಬದುಕಿಗೆ ಅವಕಾಶ. ಮೀನು ಎಣಿಸುವ ಮೊದಲು ಮಡು, ಜರಿ, ಬಂಡೆ, ಮರಳು, ದಂಡೆಯ ನೆರಳು ಎಣಿಸಬೇಕು.

ಪಶ್ಚಿಮ ಘಟ್ಟದ ಮೀನುಗಳಿಗೆ ದೂರದ ಪೂರ್ವ ಹಿಮಾಲಯದ ನೆಂಟಸ್ತನ ಹೇಗೆ ಬಂತು ಅಂತಾನೂ ಹೋರಾ ಕೇಳಿದರು. ಸಾತ್ಪುರ ಬೆಟ್ಟಸಾಲಿನ ಹಳ್ಳಗಳೇ ಸೇತುವೆ ಆಗಿದ್ದವು ಅನ್ನೋದು ಅವರ ವಾದ. ಇದನ್ನ ಆಮೇಲಿನ ವಿಜ್ಞಾನಿಗಳು ಪೂರ್ತಿ ಒಪ್ಪಲಿಲ್ಲ, ಆದರೆ ಪ್ರಶ್ನೆ ಇನ್ನೂ ಜೀವಂತ.

ಕನ್ನಡ ನಾಡಿಗೂ ಅವರ ನಂಟಿದೆ. 1942ರಲ್ಲಿ ಮೈಸೂರು ಸಂಸ್ಥಾನದ ಮೀನುಗಳ ಪಟ್ಟಿ ಪ್ರಕಟಿಸಿದರು. 1951ರಲ್ಲಿ, ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿರೋ ಮತ್ಸ್ಯವಿನೋದದ ಬಗ್ಗೆ ಬರೆದರು. 12ನೇ ಶತಮಾನದ ಆ ದೊರೆಯೂ ಮೀನುಗಳನ್ನ ಗಾತ್ರ, ಹುರುಪೆ, ಸಮುದ್ರದ್ದೋ ನದಿಯದ್ದೋ ಅಂತ ವಿಂಗಡಿಸಿದ್ದ.

1947ರಲ್ಲಿ ಹೋರಾ ತಾವು ಸೇರಿದ ಸಂಸ್ಥೆಗೇ ನಿರ್ದೇಶಕರಾದರು. 1955ರ ಡಿಸೆಂಬರ್‌ನಲ್ಲಿ, ಅದೇ ಹುದ್ದೆಯಲ್ಲಿರುವಾಗಲೇ ತೀರಿಕೊಂಡರು.

ಅವರ ಕಣ್ಣಿಂದ ನಮ್ಮ ಘಟಪ್ರಭೆಯನ್ನ ಒಮ್ಮೆ ನೋಡ್ರಿ. ಹುಕ್ಕೇರಿಯಲ್ಲಿ ಹಿಡಕಲ್‌ನ ನಿಂತ ನೀರು, ಹಿರಣ್ಯಕೇಶಿಯ ಹರಿವು. ಗೋಕಾಕದಲ್ಲಿ ಸುಮಾರು 52 ಮೀಟರ್ ಧುಮುಕೋ ಜಲಪಾತ, ಮಾರ್ಕಂಡೇಯ ಬಂದು ಸೇರೋ ಜಾಗ. ಮೂಡಲಗಿ ಕಡೆ ಬಯಲು, ಕಾಲುವೆ, ಕಬ್ಬಿನ ಹೊಲ. ಒಂದೇ ಹೊಳೆ, ಹತ್ತಾರು ಮನೆ. ಜಲಪಾತದ ಕೆಳಗಿನ ಮೀನು ಈಜಿ ಮೇಲೆ ಹತ್ತಲಾರದು. ಜರಿಗೆ ಒಗ್ಗಿದ ಮೀನು ನಿಂತ ನೀರಲ್ಲಿ ನೆಲೆ ಕಳಕೊಳ್ಳುತ್ತೆ. ಟಿಎಂಸಿ ಲೆಕ್ಕದಲ್ಲಿ ಒಂದು ಹನಿಯೂ ಕಡಿಮೆ ಆಗದೆ ಒಂದು ಮನೆ ಮುಳುಗಿರಬಹುದು.

ನಾಳೆ ಅಣೆಕಟ್ಟು, ಕಾಲುವೆಗಳ ನಕ್ಷೆ ಬರೆಯೋ ಕೈಗಳು ನಮ್ಮವೇ. ಆ ನಕ್ಷೆಯಲ್ಲಿ ಜರಿ ಎಲ್ಲಿ, ಮಡು ಎಲ್ಲಿ ಅಂತ ಗುರುತು ಹಾಕೋಕೆ ಒಂದು ಪೆನ್ಸಿಲ್ ಸಾಕು.