ಅಂಗಳಕ್ಕೆ ಬಂದ ಶಾಲೆ: ತಾರಾಬಾಯಿ ಮೋಡಕ್

ಅಂಗನವಾಡಿ ಎಂಬುದು ಇಂದು ಕನ್ನಡದ ಊರೂರಲ್ಲಿಯೂ ಬಳಕೆಯಲ್ಲಿರುವ ಮಾತು. ಮರಾಠಿಯ ಅಂಗಣವೂ ಕನ್ನಡದ ಅಂಗಳವೂ ಮನೆಯ ಮುಂದಿನ ಒಂದೇ ಬಯಲೆಂಬುದನ್ನು ಗಡಿನಾಡಿನ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಅಂಗಳವನ್ನು ಶಿಶುಗಳ ಶಾಲೆಯಾಗಿಸಿದವರು ತಾರಾಬಾಯಿ ಮೋಡಕ್.

ಅವರು 1892ರ ಏಪ್ರಿಲ್ 19ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಸದಾಶಿವರಾವ್ ಕೇಳಕರರು ಪ್ರಾರ್ಥನಾ ಸಮಾಜದವರು. ಹೆಣ್ಣುಮಕ್ಕಳ ಓದಿಗೆ ಆ ಮನೆಯಲ್ಲಿ ಅಡ್ಡಿಯಿರಲಿಲ್ಲ. 1914ರಲ್ಲಿ ಬಿ.ಎ. ಪದವಿಯಾಯಿತು, ಮರುವರ್ಷ ಅಮರಾವತಿಯ ವಕೀಲರಾದ ಮೋಡಕರೊಡನೆ ವಿವಾಹವಾಯಿತು. ದಾಂಪತ್ಯ ಬಹುಕಾಲ ನಿಲ್ಲಲಿಲ್ಲ. 1921ರಲ್ಲಿ ಬೇರೆಯಾದ ತಾರಾಬಾಯಿಯವರು ಎಳೆಯ ಮಗಳೊಡನೆ ರಾಜಕೋಟೆಗೆ ತೆರಳಿ, ಬಾರ್ಟನ್ ಮಹಿಳಾ ತರಬೇತಿ ಕಾಲೇಜಿನ ಪ್ರಾಚಾರ್ಯರಾದರು. ಭಾರತೀಯ ಮಹಿಳೆಯೊಬ್ಬಳಿಗೆ ಆಗ ಅದು ಸುಲಭಕ್ಕೆ ದಕ್ಕುವ ಪದವಿಯಾಗಿರಲಿಲ್ಲ. ದಕ್ಕಿದ್ದನ್ನೂ ಅವರು ಬಿಟ್ಟರು. 1923ರಲ್ಲಿ ಭಾವನಗರಕ್ಕೆ ಹೋಗಿ ಗಿಜುಭಾಯಿ ಬಧೇಕಾ ಅವರ ಜೊತೆಗೂಡಿದರು.

ವಕೀಲಿ ವೃತ್ತಿಯನ್ನು ತೊರೆದು ಶಿಕ್ಷಕರಾದ ಗಿಜುಭಾಯಿ, 1920ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ತೆರೆದಿದ್ದರು. ಮಾಂಟೆಸ್ಸರಿ ಪದ್ಧತಿಯನ್ನು ಈ ನೆಲಕ್ಕೆ ಹೊಂದಿಸುವ ಪ್ರಯೋಗ ಅಲ್ಲಿ ನಡೆಯಿತು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಮುಂದೆ ತಾರಾಬಾಯಿಯವರು ಮರಾಠಿ ‘ಶಿಕ್ಷಣ ಪತ್ರಿಕೆ’ಯನ್ನು ನಡೆಸಿದರು, 1936ರಲ್ಲಿ ಮುಂಬಯಿಯ ದಾದರಿನಲ್ಲಿ ಶಿಶುವಿಹಾರವನ್ನು ಕಟ್ಟಿದರು. ಆದರೆ ಅಲ್ಲಿಗೆ ಬರುತ್ತಿದ್ದವು ಬಹುಪಾಲು ಓದುಬರಹ ಬಲ್ಲ ಮನೆಗಳ ಮಕ್ಕಳು. ಶುಲ್ಕ ಕೊಡಲಾರದ, ಶಾಲೆಯ ಹೆಸರನ್ನೇ ಕೇಳದ ಮನೆಗಳ ಶಿಶುಗಳಿಗೆ ಯಾರು ಹೊಣೆ? ಆ ಹೊಣೆಯನ್ನು ಹೊರಲು ತಾರಾಬಾಯಿಯವರು ಐವತ್ತು ದಾಟಿದ ವಯಸ್ಸಿನಲ್ಲಿ ಹಳ್ಳಿಗೆ ಹೊರಟರು.

1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಕಡಲತಡಿಯ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ಆರಂಭವಾಯಿತು. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ, ಶಿಕ್ಷಕಿಯಾಗಿ ದುಡಿಯುತ್ತಿದ್ದ ಅನುತಾಯಿ ವಾಘ್ ಅವರ ಜೊತೆಗೆ ನಿಂತರು. ಬಾಗಿಲು ತೆರೆದಿಟ್ಟರೂ ದಲಿತರ ಕೇರಿಯ ಮಕ್ಕಳು ಬರಲಿಲ್ಲ. ಊರಿನ ಅಸ್ಪೃಶ್ಯತೆ, ತಾಯಂದಿರ ಕೂಲಿ, ಮಕ್ಕಳ ಅಂಜಿಕೆ ಎಲ್ಲವೂ ಅಡ್ಡ ಬಂದವು. ಮಕ್ಕಳು ಬಾರದಿದ್ದರೆ ಶಾಲೆಯೇ ಹೋಗಬೇಕೆಂದು ತಾರಾಬಾಯಿಯವರು ನಿಶ್ಚಯಿಸಿದರು. ಶಿಕ್ಷಕಿಯರು ಕೇರಿಗೆ ನಡೆದುಹೋಗಿ, ಅಂಗಳವನ್ನು ಗುಡಿಸಿ, ಮಕ್ಕಳ ಮೈತೊಳೆದು, ತಲೆ ಬಾಚಿ, ಆಮೇಲೆ ಹಾಡಿಗೆ, ಕತೆಗೆ ಕೈಹಾಕಿದರು. ಮಾಂಟೆಸ್ಸರಿ ಸಾಧನಗಳು ದುಬಾರಿ. ಅವುಗಳ ಬದಲು ಕಪ್ಪೆಚಿಪ್ಪು, ಬೆಣಚುಕಲ್ಲು, ಬೀಜ, ಎಲೆ, ಕಡ್ಡಿಗಳು ಎಣಿಕೆಗೂ ಆಟಕ್ಕೂ ಒದಗಿದವು. ಕಟ್ಟಡದ ಖರ್ಚಿಲ್ಲ, ಸಾಮಾನಿನ ಖರ್ಚು ಅತ್ಯಲ್ಪ; ಜಾಗ ಕೇರಿಯದೇ. ತಾಯಂದಿರು ಕಣ್ಣೆದುರೇ ಕಲಿಕೆಯನ್ನು ಕಾಣುವಂತಾಯಿತು. ಬಡತನವನ್ನು ನೆಪವಾಗಿಸದೆ, ಅದರ ನಡುವೆಯೇ ಕೂಡಿಬರುವ ವ್ಯವಸ್ಥೆಯನ್ನು ಹುಡುಕಿದ್ದು ಅವರ ನಿಜವಾದ ಪ್ರತಿಭೆ.

1957ರಲ್ಲಿ ಕೇಂದ್ರವು ಕೋಸಬಾಡದ ಗುಡ್ಡಕ್ಕೆ ಸ್ಥಳಾಂತರಗೊಂಡಿತು. ಅದು ವಾರ್ಲಿ ಆದಿವಾಸಿಗಳ ಸೀಮೆ. ಜೀತದ ವಿರುದ್ಧ ಅವರು 1945ರಲ್ಲಿಯೇ ಸಿಡಿದೆದ್ದಿದ್ದರು. ಇಲ್ಲಿ ತೊಡಕು ಬೇರೆಯಾಗಿತ್ತು. ಹುಡುಗರು ದನ ಕಾಯುತ್ತಿದ್ದರು; ಹುಡುಗಿಯರ ಕಂಕುಳಲ್ಲಿ ತಮ್ಮನೋ ತಂಗಿಯೋ ಇರುತ್ತಿತ್ತು. ಅಕ್ಕ ಶಾಲೆಗೆ ಬರಬೇಕಾದರೆ ಕೂಸನ್ನು ನೋಡಿಕೊಳ್ಳುವವರು ಬೇಕು. ಆದುದರಿಂದ ಶಿಶುಪಾಲನಾ ಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೆಡೆ ಹೊಂದಿಸಿದ ‘ವಿಕಾಸವಾಡಿ’ ರೂಪುಗೊಂಡಿತು. ದನಗಾಹಿಗಳಿಗೆ ಹುಲ್ಲುಗಾವಲಿನಲ್ಲಿಯೇ ಪಾಠ ನಡೆಯಿತು. ಓದು ಮತ್ತು ಪಾಲನೆ ಬೇರೆ ಬೇರೆಯಲ್ಲವೆಂಬುದನ್ನು ಈ ಹೆಣ್ಣುಮಕ್ಕಳು ಪುಸ್ತಕದಿಂದಲ್ಲ, ಅಕ್ಕನ ಕಂಕುಳಿನ ಕೂಸಿನಿಂದ ಕಂಡುಕೊಂಡರು.

1962ರಲ್ಲಿ ತಾರಾಬಾಯಿಯವರಿಗೆ ಪದ್ಮಭೂಷಣ ಸಂದಿತು. 1973ರ ಆಗಸ್ಟ್ 31ರಂದು ಅವರು ತೀರಿಕೊಂಡರು. ಎರಡು ವರ್ಷಗಳ ತರುವಾಯ, 1975ರ ಅಕ್ಟೋಬರ್ 2ರಂದು, ಭಾರತ ಸರಕಾರವು 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಅವುಗಳಲ್ಲೊಂದು. ಯೋಜನೆಯ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ನಿಂತಿತು. ಬೊಕ್ಕಸದಿಂದ ಹಣ ಬಂದಿತು, ಆಹಾರ ಮತ್ತು ಚುಚ್ಚುಮದ್ದು ಜೊತೆಗೂಡಿದವು. ಆದರೆ ಅಲ್ಲಿ ದುಡಿಯುವ ಕಾರ್ಯಕರ್ತೆಗೆ ಸಿಗುವುದು ಇಂದಿಗೂ ಸಂಬಳವಲ್ಲ, ಗೌರವಧನ. ಕೋಸಬಾಡದ ಕೆಲಸವನ್ನು ಅನುತಾಯಿ ಮುಂದುವರಿಸಿದರು. 1992ರಲ್ಲಿ ತಾವು ಕಣ್ಮುಚ್ಚುವವರೆಗೂ ಅದನ್ನು ಬಿಡಲಿಲ್ಲ.